ಹೇಳು ಅಂದಮೇಲೆ ಒಂದು ಉಸಿರು

ಛತ್ರಿ ತೀರಿಕೊಂಡ. ಕಳೆದ ವಾರ, ಬೆಳಗಿನ ಹೊತ್ತಿನಲ್ಲಿ, ತನ್ನ ಮನೆಯ ಮುಂದಿನ ಕೋಣೆಯ ಕುರ್ಚಿಯಲ್ಲಿ ಕೂತಿದ್ದ ಹಾಗೆಯೇ. ಹೃದಯ ನಿಂತಿತು ಎಂದು ಡಾಕ್ಟರು ಹೇಳಿದರು. ಅವನ ಕೈಯಲ್ಲಿ ಫೋನಿನ ರಿಸೀವರ್ ಇತ್ತು. ಅದರ ಸುರುಳಿ ತಂತಿ ಹೋಗಿ ಸೇರಿದ್ದ ಯಂತ್ರ ಅವನಿಗಿಂತ ಎಷ್ಟೋ ಮೊದಲೇ ಸತ್ತಿತ್ತು.

ನೋಡಲು ಬಂದವರಲ್ಲಿ ಒಬ್ಬಿಬ್ಬರು, ಪಾಪ, ಸಹಾಯಕ್ಕೆ ಯಾರನ್ನೋ ಕರೆಯಲು ಹೋಗಿದ್ದಾನೆ ಎಂದು ಕಣ್ಣೊರೆಸಿಕೊಂಡರು. ಹಾಗೇನಿಲ್ಲ. ಅವನು ಹೆಂಡತಿಯ ಜೊತೆ ಮಾತಾಡುತ್ತಿದ್ದ. ಹೆಂಡತಿ ಗೋಡೆಯ ಆಚೆ, ಅಡುಗೆಮನೆಯಲ್ಲಿದ್ದರು. ಆ ಇಬ್ಬರೂ ಒಂದೇ ಸೂರಿನ ಕೆಳಗೆ ಬಾಳುತ್ತಾರೋ, ಬೇರೆಯಾಗುತ್ತಾರೋ ಎಂಬುದು ಆ ಸತ್ತ ಫೋನಿನ ಮೇಲೆ ನಿಂತಿತ್ತು. ಇದನ್ನು ಬಾಗಿಲಲ್ಲಿ ನಿಂತು ಒಬ್ಬೊಬ್ಬರಿಗೆ ವಿವರಿಸಲು ಹೋಗಿ ನಾನು ಸೋತೆ. ಅದಕ್ಕೇ ಬರೆಯುತ್ತಿದ್ದೇನೆ.

ಛತ್ರಿ ಎನ್ನುವುದು ಹೆತ್ತವರು ಇಟ್ಟ ಹೆಸರಲ್ಲ, ಕೆಲಸ ಕೊಟ್ಟ ಹೆಸರು. ನಾವೆಲ್ಲ ಒಂದು ಭೂಸಮೀಕ್ಷೆಯ ತಂಡದಲ್ಲಿದ್ದೆವು. ರಸ್ತೆ ಮುಗಿದಲ್ಲಿಂದ ನಮ್ಮ ಕೆಲಸ ಶುರು. ಗುಡ್ಡ, ಕಾಡು, ಬಟಾಬಯಲು, ಎಲ್ಲೆಂದರಲ್ಲಿ ಡೇರೆ ಹಾಕಿ, ಕಲ್ಲು ಒಡೆದು, ನೆಲ ಕೊರೆದು, ಕೆಳಗೆ ಏನಿದೆ ಎಂದು ನೋಡಿ ಮೇಲಿನವರಿಗೆ ತಿಳಿಸುವುದು. ನಾನು ನಕ್ಷೆ ಬರೆಯುವವನು, ಹಾಗಾಗಿ ನನ್ನ ಹೆಸರು ನಕ್ಷೆ. ಅಡುಗೆ ಮಾಡುವವನ ಹೆಸರು ಸೌಟು. ಮೇಲಿನವರಿಗೆ ತಿಳಿಸುವುದು ಎಂದೆನಲ್ಲ, ಅದು ಛತ್ರಿಯ ಕೆಲಸ. ತಂತಿ, ಟವರ್ ಯಾವುದೂ ಇಲ್ಲದ ಕಡೆ ಸ್ಯಾಟಲೈಟ್ ಫೋನ್ ಹೂಡಿಕೊಂಡು ಕೂರುವವನು. ಅವನ ಮೊದಲ ಯಂತ್ರದ ಆಂಟೆನಾ ಕಡ್ಡಿಕಡ್ಡಿಯಾಗಿ ಬಿಚ್ಚಿಕೊಂಡು ಥೇಟ್ ಕೊಡೆಯ ಹಾಗೆ ಅರಳುತ್ತಿತ್ತು. ಛತ್ರಿ ಬಿಚ್ಚಿ, ಛತ್ರಿ ಮಡಚಿ, ಛತ್ರಿ ಎಲ್ಲಿ ಎನ್ನುತ್ತ ಎನ್ನುತ್ತ ಯಂತ್ರದ ಹೆಸರು ಮನುಷ್ಯನಿಗೆ ಅಂಟಿಕೊಂಡಿತು. ಆಮೇಲೆ ದಪ್ಪ ಪುಸ್ತಕದಷ್ಟೇ ಇರುವ ಚಪ್ಪಟೆ ಯಂತ್ರ ಬಂದರೂ ಹೆಸರು ಬದಲಾಗಲಿಲ್ಲ. ಅಷ್ಟು ಹೊತ್ತಿಗೆ, ನಮ್ಮ ಮಾತಿನಲ್ಲಿ ಎಂಥವರನ್ನು ಛತ್ರಿ ಎನ್ನುತ್ತೇವೋ ಆ ಅರ್ಥಕ್ಕೂ ಅವನು ತಕ್ಕವನೆಂದು ಎಲ್ಲರಿಗೂ ಖಾತ್ರಿಯಾಗಿತ್ತು.

ಹೊಸ ಜಾಗದಲ್ಲಿ ಡೇರೆ ಎದ್ದ ಕೂಡಲೇ ಅವನು ಯಂತ್ರ ತೆಗೆದುಕೊಂಡು ಬಯಲಿಗೆ ಹೋಗುತ್ತಿದ್ದ. ಆಕಾಶದ ಯಾವುದೋ ಒಂದು ಮೂಲೆಯಲ್ಲಿ ಸ್ಯಾಟಲೈಟ್ ಇರುತ್ತದೆ. ಅದಕ್ಕೂ ಯಂತ್ರಕ್ಕೂ ನಡುವೆ ಮರ, ಗುಡ್ಡ, ಮೇಯುವ ಕತ್ತೆ, ಒಣಹಾಕಿದ ಟವೆಲ್ಲು ಯಾವುದೂ ಇರಬಾರದು. ಮಂಡಿಯೂರಿ, ದಿಕ್ಸೂಚಿ ನೋಡಿ, ಯಂತ್ರದ ಮುಖವನ್ನು ಚೂರುಚೂರೇ ಎತ್ತುತ್ತ ತಿರುಗಿಸುತ್ತ ಹೋದರೆ ಅದು ಕುಂಯ್ ಕುಂಯ್ ಎನ್ನುತ್ತದೆ. ಸರಿಯಾದ ಕಡೆ ಮುಖ ಮಾಡಿದಾಗ ಕುಂಯ್‌ಗುಟ್ಟುವುದು ಬಿಟ್ಟು ಒಂದೇ ಸಮನೆ ರಾಗ ಎಳೆಯುತ್ತದೆ. "ಕೂಸು ಹಾಲು ಕುಡೀತು" ಎನ್ನುತ್ತಿದ್ದ ಛತ್ರಿ. ಆಮೇಲೆ ನನ್ನ ನಕ್ಷೆಗಳು ಮೇಲೇರಲು ಶುರು. ಒಂದು ನಕ್ಷೆ ಹೋಗಿ ಮುಟ್ಟುವ ಹೊತ್ತಿಗೆ ಸೌಟುವಿನ ಅಡುಗೆ ಆಗಿ ತಣ್ಣಗಾಗಿರುತ್ತಿತ್ತು.

ಒಂದು ಸಲ ಇಡೀ ಮಧ್ಯಾಹ್ನ ಕೂಸು ಹಾಲು ಕುಡಿಯಲಿಲ್ಲ. ಛತ್ರಿ ಬೆವರಿ ಬಸಿದುಹೋದ. ಸ್ಯಾಟಲೈಟ್ ಬಿದ್ದೇಹೋಗಿರಬೇಕು ಎಂದು ಕೈಚೆಲ್ಲಿದ. ಕೊನೆಗೆ ನೋಡಿದರೆ, ದಿಕ್ಸೂಚಿ ಅಲುಗಾಡದಿರಲಿ ಎಂದು ಅದನ್ನು ಸೌಟುವಿನ ಕಬ್ಬಿಣದ ಬಾಣಲೆಯನ್ನು ಬೋರಲು ಹಾಕಿ ಅದರ ಮೇಲೆ ಇಟ್ಟಿದ್ದ. ಮುಳ್ಳು ಪಾಪ ಬಾಣಲೆಯನ್ನೇ ನಂಬಿತ್ತು. ನಾವೆಲ್ಲ ನಕ್ಕಾಗ ಅವನು ಮುಖ ಗಂಟುಹಾಕಿಕೊಳ್ಳಲಿಲ್ಲ.

"ನಗಬೇಡ್ರೋ. ಉತ್ತರ ಇರೋದು ಅಡುಗೆಮನೇಲಿ ಅಂತ ದಿಕ್ಸೂಚಿಗೇ ಗೊತ್ತಾಗಿದೆ. ನಿಮಗೆ ಯಾವಾಗ ಗೊತ್ತಾಗುತ್ತೋ" ಎಂದ.

ಈ ಫೋನಿನಲ್ಲಿ ಒಂದು ತೊಡಕಿತ್ತು. ಮಾತು ಇಲ್ಲಿಂದ ಮೇಲೆ ಹೋಗಿ ಕೆಳಗೆ ಇಳಿಯಬೇಕು, ಆಚೆಯವರ ಮಾತು ಹಾಗೆಯೇ ಹತ್ತಿ ಇಳಿದು ಬರಬೇಕು. ಬಹಳ ಹೊತ್ತೇನಲ್ಲ, ಒಂದು ಉಸಿರಿನಷ್ಟು. ಆದರೆ ಆ ಒಂದು ಉಸಿರನ್ನು ಕಾಯುವವರು ಯಾರು? ಸುಮ್ಮನಿದ್ದಾರೆ ಎಂದು ಇವರು ಬಾಯಿ ತೆಗೆಯುವ ಹೊತ್ತಿಗೆ ಅವರದು ಬಂದು ಬೀಳುತ್ತಿತ್ತು. ಇಬ್ಬರೂ ನಿಲ್ಲಿಸುವುದು, ಇಬ್ಬರೂ ಶುರುಮಾಡುವುದು. ಕಿರಿದಾದ ಓಣಿಯಲ್ಲಿ ಎದುರಾದ ಇಬ್ಬರು ದಾರಿ ಬಿಡಲು ಹೋಗಿ ಮತ್ತೆ ಮತ್ತೆ ಒಬ್ಬರಿಗೊಬ್ಬರು ಅಡ್ಡ ಬಂದ ಹಾಗೆ. ಮಾತು ಮುಗಿದಾಗಲೆಲ್ಲ 'ಓವರ್' ಎನ್ನಿ, ವೈರ್‌ಲೆಸ್ಸಿನವರು ಹಾಗೇ ಮಾಡುತ್ತಾರೆ ಎಂದು ನಮ್ಮ ಮುಖ್ಯಸ್ಥರಾದ ಸಾಹೇಬರು ಸೂಚಿಸಿದರು.

"ಬೇಡ ಸಾರ್" ಎಂದ ಛತ್ರಿ. "ಮನೆಯೋರ ಹತ್ರ ಎರಡು ಪ್ರೀತಿ ಮಾತಾಡಿ ಕೊನೇಲಿ ಓವರ್ ಅಂದ್ರೆ, ಓವರ್ ಆಗಿ ಆಡಿದ್ದು ನಾನೋ ನೀವೋ ಅಂತ ಅಲ್ಲಿಂದಾನೇ ಶುರುವಾಗುತ್ತೆ. ನಮ್ಮ ಮಾತಲ್ಲೇ ಹೇಳೋಣ. ಮುಗೀತು ಅನ್ನೋಣ."

ಸರಿ ಎಂದರು. ಮುಗೀತು ಎಂಬ ಮಾತು ನಮ್ಮ ಡೇರೆಗಳಲ್ಲಿ ಸೌಟುವಿಗೆ ಜ್ವರ ಬರುವ ತನಕ ಬಾಳಿತು.

ಜ್ವರ ಬಂದು, ಬಿಟ್ಟು, ಸೌಟು ಸುಸ್ತಾಗಿ ಮಲಗಿದ್ದ. ಅವನ ತಾಯಿಗೆ ಒಂದು ಮಾತು ಹೇಳಿಬಿಡೋಣ ಎಂದು ಛತ್ರಿ ತಾನೇ ಫೋನ್ ಹಚ್ಚಿದ. ನಾನು ಪಕ್ಕದಲ್ಲೇ ಇದ್ದೆ.

"ಅಮ್ಮಾ, ನಾನು ನಿಮ್ಮ ಮಗನ ಜೊತೆ ಕೆಲಸ ಮಾಡೋನು. ಅವನಿಗೆ ಜ್ವರ ಬಂದಿತ್ತು. ಇವತ್ತು ಬೆಳಿಗ್ಗೆ ಬಿಡ್ತು. ಮುಗೀತು."

ಆ ಕಡೆ ಶಬ್ದವಿಲ್ಲ. ಮಾತು ಇನ್ನೂ ದಾರಿಯಲ್ಲಿರಬೇಕು ಎಂದುಕೊಂಡು ಇವನು ಧೈರ್ಯ ತುಂಬಲು ಹೋದ.

"ನೀವೇನೂ ಯೋಚ್ನೆ ಮಾಡ್ಬೇಡಿ. ಇಲ್ಲೇ ಡೇರೇಲಿ ಮಲಗ್ಸಿ ಮೇಲೆ ಬಿಳೀ ಬಟ್ಟೆ ಹೊದಿಸಿದ್ದೀವಿ. ಸಾಹೇಬರೂ ಬಂದು ನೋಡ್ಕೊಂಡು ಹೋದ್ರು. ಮುಗೀತು."

ಆಗ ಆಕಾಶದಿಂದ ಒಂದು ಅಳು ಇಳಿದು ಬಂತು. ರಿಸೀವರ್‌ನಿಂದ ಹೊರಗೆ ಚೆಲ್ಲಿ ಡೇರೆಯ ತನಕ ಕೇಳಿಸಿತು. ಸೌಟು ಹೊದಿಕೆ ಸುತ್ತಿಕೊಂಡೇ ಓಡಿ ಬಂದು ಫೋನ್ ಕಿತ್ತುಕೊಂಡ.

"ಅಮ್ಮಾ, ನಾನೇ."

"ಅಯ್ಯೋ ನನ್ನಪ್ಪಾ, ಎಲ್ಲಿಂದ ಮಾತಾಡ್ತಿದ್ದೀಯೋ?"

"ಮೇಲಿಂದಮ್ಮ" ಎಂದ ಸೌಟು. ಸ್ಯಾಟಲೈಟ್ ಮೇಲಿರುತ್ತದೆ ಎಂದು ಛತ್ರಿಯೇ ಅವನಿಗೆ ಪಾಠ ಮಾಡಿದ್ದ.

ಅಳು ಇನ್ನೊಂದು ಮಜಲು ಏರಿತು. ಕೊನೆಗೆ ಆ ತಾಯಿ ಬಿಕ್ಕುತ್ತ, "ಅಲ್ಲಿ ಚೆನ್ನಾಗಿದ್ದೀಯೇನಪ್ಪಾ?" ಎಂದು ಕೇಳಿದರು.

"ಎಲ್ಲಿ ಚೆನ್ನಾಗಿರೋದು? ನಂಗೆ ಜ್ವರ ಅಂತ ಇವರೇ ಅಡುಗೆ ಮಾಡ್ತಿದ್ದಾರೆ. ಬಾಯಿಗಿಡೋಕಾಗಲ್ಲ. ಉಪ್ಪೇ ಇಲ್ಲ."

ಅಳು ತಟ್ಟನೆ ನಿಂತಿತು. ಸತ್ತವರು ಉಪ್ಪಿನ ತಂಟೆಗೆ ಹೋಗುವುದಿಲ್ಲ ಎಂದು ಆಕೆಗೆ ಹೊಳೆದಿರಬೇಕು. "ಯಾವುದದು, ಮುಗೀತು ಅಂದ ಮುಂಡೇದು? ಅದಕ್ಕೆ ಕೊಡು ಫೋನು" ಎಂದರು. ಛತ್ರಿ ಆ ಹೊತ್ತಿಗೆ ಗುಡ್ಡದ ಅರ್ಧ ಇಳಿದಿದ್ದ.

ಅವತ್ತಿನಿಂದ ಆ ಮಾತು ಬಂದ್. ಅದರ ಜಾಗದಲ್ಲಿ 'ಹೇಳು' ಬಂತು. ದೊಡ್ಡವರಿಗಾದರೆ 'ಹೇಳಿ'. ನಾವು ಹೇಗೂ ಫೋನ್ ಎತ್ತಿದರೆ ಮೊದಲು ಅನ್ನುವ ಮಾತೇ ಅದು, ಯಾರೂ ಬಾಯಿಪಾಠ ಮಾಡಬೇಕಾಗಲಿಲ್ಲ. ನಿನ್ನದಾದಮೇಲೆ ಹೇಳು ಎನ್ನಬೇಕು. ಹೇಳು ಎಂದು ಕೇಳಿಸಿಕೊಂಡವರು ಒಂದು ಉಸಿರು ತೆಗೆದುಕೊಂಡು ಮಾತಾಡಬೇಕು. ಹೇಳು ಎಂದವರು ಬಾಯಿ ಮುಚ್ಚಿಕೊಂಡು ಕಾಯಬೇಕು. ನಮ್ಮ ಬಯಲಿನಲ್ಲಿ ಇಷ್ಟೇ ಕಾನೂನು.

ಇದು ಛತ್ರಿ ಕಲಿಸಿದ ಒಳ್ಳೆಯ ಬುದ್ಧಿ. ಇನ್ನೊಂದನ್ನೂ ಕಲಿಸಿದ. ಅದರ ಹೆಸರು ಗ್ರಹಣ.

ಸಾಹೇಬರಿಗೆ ಹೆಡ್ಡಾಫೀಸಿನಿಂದ ಬೈಗುಳ ಬರುತ್ತಿದ್ದ ಒಂದು ದಿನ, ಅವರ ಮುಖ ನೋಡಲಾರದೆ, ಛತ್ರಿ ಸೌಟುವಿನ ದೊಡ್ಡ ಸ್ಟೀಲ್ ತಟ್ಟೆ ತಂದು ಯಂತ್ರದ ಮುಖದ ಮುಂದೆ ಅಡ್ಡ ಹಿಡಿದ. ನೋಡುನೋಡುತ್ತ ಬೈಗುಳ ಗೊರಗೊರ ಎಂದು ಕಟ್ಟಾಯಿತು. ಸಾಹೇಬರು ರಿಸೀವರನ್ನು ನೋಡಿದರು, ತಟ್ಟೆಯನ್ನು ನೋಡಿದರು, ಆಕಾಶವನ್ನು ನೋಡಿದರು.

"ಗ್ರಹಣ ಹಿಡೀತು ಸಾರ್" ಎಂದು ಛತ್ರಿ ಕಳ್ಳನಗೆ ನಕ್ಕ.

"ಯಾವಾಗ ಬಿಡುತ್ತೆ?"

"ತಾವು ಊಟ ಮಾಡ್ಕೊಂಡು ಬರೋ ಹೊತ್ತಿಗೆ ಬಿಡುತ್ತೆ."

ಆಮೇಲೆ ಗ್ರಹಣಗಳು ಹೆಚ್ಚಿದವು. ನಮ್ಮಲ್ಲಿ ಒಬ್ಬೊಬ್ಬರಿಗೂ ಮನೆಯಿಂದ ಒಂದಲ್ಲ ಒಂದು ಇಕ್ಕಟ್ಟಿನ ಪ್ರಶ್ನೆ ಬರುವುದಿತ್ತು. ಹುಬ್ಬು ಹಾರಿಸಿದರೆ ಸಾಕು, ತಟ್ಟೆ ಬರುತ್ತಿತ್ತು. ಛತ್ರಿ ಯಾರ ಹತ್ತಿರವೂ ಇಲ್ಲವೆನ್ನಲಿಲ್ಲ. ಎಲ್ಲರಿಗಿಂತ ಹೆಚ್ಚು ಗ್ರಹಣ ಹಿಡಿಸಿಕೊಂಡವನು ಅವನೇ.

ಅವನ ಹೆಂಡತಿಯನ್ನು ನಾನು ಅತ್ತಿಗೆ ಎನ್ನುತ್ತೇನೆ. ಮನೆಯ ಮುಂದಿನ ಕೋಣೆಯಲ್ಲೇ ಅವರ ಹೊಲಿಗೆ ಮಿಷನ್ನು. ತುಟಿಯಲ್ಲಿ ಗುಂಡುಸೂಜಿ ಕಚ್ಚಿಕೊಂಡು ಇಡೀ ಬೀದಿಯ ಅಳತೆ ತೆಗೆದವರು. ಛತ್ರಿ ರಜೆಗೆ ಬಂದ ದಿನ ಮನೆಯಲ್ಲಿ ನಗು. ಮಾರನೆಯ ದಿನ ಮಧ್ಯಾಹ್ನದ ಹೊತ್ತಿಗೆ ಎದುರುಮನೆಯವರು ಕಿಟಕಿ ತೆರೆದು ಕುರ್ಚಿ ಹಾಕಿಕೊಳ್ಳುತ್ತಿದ್ದರು. ಜಗಳಕ್ಕೆ ದೊಡ್ಡ ಕಾರಣವೇನೂ ಇರುತ್ತಿರಲಿಲ್ಲ. ಇನ್ನೊಬ್ಬರ ಮಾತು ಪೂರ್ತಿಯಾಗುವ ತನಕ ಕಾಯಲು ಇಬ್ಬರಿಗೂ ಬರುತ್ತಿರಲಿಲ್ಲ, ಅಷ್ಟೇ. ಅವನು ಅರ್ಧ ಹೇಳುವಾಗಲೇ ಇವರು ಉಳಿದರ್ಧ ಊಹಿಸಿ ಅದಕ್ಕೆ ಜವಾಬು ಕೊಡುತ್ತಿದ್ದರು. ಆ ಊಹೆಗೆ ಅವನು ಕೆರಳುತ್ತಿದ್ದ. ಹೇಳಹೊರಟದ್ದು ಏನು ಎನ್ನುವುದು ಇಬ್ಬರಿಗೂ ಮರೆತು, ಜಗಳ ತಾನೇ ತಾನಾಗಿ ಸಂಜೆಯ ತನಕ ನಡೆಯುತ್ತಿತ್ತು. ಮಕ್ಕಳಿರಲಿಲ್ಲ. ಜಗಳವನ್ನೇ ಸಾಕಿ ದೊಡ್ಡದು ಮಾಡಿದ್ದೇವೆ, ಇನ್ನು ಮದುವೆ ಮಾಡಿ ಕಳಿಸಬೇಕು ಎಂದು ಛತ್ರಿಯೇ ಹೇಳಿಕೊಳ್ಳುತ್ತಿದ್ದ.

ಅದೇ ಗಂಡಹೆಂಡಿರು ಸ್ಯಾಟಲೈಟ್ ಫೋನಿನಲ್ಲಿ ಹೀಗೆ ಮಾತಾಡುತ್ತಿದ್ದರು:

"ಊಟ ಆಯ್ತಾ? ಹೇಳಿ."

"ಆಯ್ತು. ನಿಂದು? ಹೇಳು."

"ಆಯ್ತು. ಇವತ್ತೊಂದು ಕೋಟು ಹೊಲಿದೆ. ಕಾಲರು ಒಂದೇ ಸಲಕ್ಕೆ ಸರಿಯಾಗಿ ಕೂತ್ಕೊಳ್ತು. ಹೇಳಿ."

"ನಿನ್ನ ಕೈಗೆ ಸಿಕ್ಕಮೇಲೆ ಕೂತ್ಕೊಳ್ದೆ ಅದಕ್ಕೆ ಬೇರೆ ದಾರಿ ಏನಿದೆ. ಹೇಳು."

ಆಚೆ ಕಡೆ ಒಂದು ಉಸಿರು. ಆಮೇಲೆ ನಗು. ಅತ್ತಿಗೆ ಒಮ್ಮೆ ನನ್ನ ಹತ್ತಿರ ಹೇಳಿದ್ದರು: "ಫೋನಲ್ಲಿ ಇವರು ಎಷ್ಟು ಒಳ್ಳೆಯವರು ಗೊತ್ತಾ? ಅಷ್ಟು ಮೇಲಿಂದ ಬರ್ತಾರಲ್ಲ, ಕಸಕಡ್ಡಿ ಎಲ್ಲ ಸೋಸಿ ಹೋಗಿರುತ್ತೆ."

ಸೋಸಿ ಹೋಗದ ಪ್ರಶ್ನೆ ಬಂದರೆ ಗ್ರಹಣ ಇದ್ದೇ ಇತ್ತು. ಅತ್ತಿಗೆ ಆಕಾಶವನ್ನು ಬೈದುಕೊಂಡು ಫೋನ್ ಇಡುತ್ತಿದ್ದರು. ವರ್ಷಗಟ್ಟಲೆ ಹಾಗೇ ನಡೆಯಿತು.

ಛತ್ರಿ ನಿವೃತ್ತನಾದ. ಆಫೀಸಿನಲ್ಲಿ ಬೀಳ್ಕೊಡುಗೆ ಇಟ್ಟುಕೊಂಡರು. ಅವನು ಬಹಳ ಕಾಲ ಹೊತ್ತು ತಿರುಗಿದ್ದ ಹಳೆಯ ಚಪ್ಪಟೆ ಯಂತ್ರವನ್ನೇ ಒರೆಸಿ, ರಿಬ್ಬನ್ ಕಟ್ಟಿ ಉಡುಗೊರೆ ಕೊಟ್ಟರು. ಅದಕ್ಕೆ ಓಗೊಡುತ್ತಿದ್ದ ಸ್ಯಾಟಲೈಟ್ ಸೇವೆ ನಿಂತು ಯಾವ ಕಾಲವಾಗಿತ್ತೋ. ಕೊಟ್ಟವರಿಗೂ ಗೊತ್ತು, ತೆಗೆದುಕೊಂಡವನಿಗೂ ಗೊತ್ತು. ಅತ್ತಿಗೆ ಮುಂದಿನ ಸಾಲಿನಲ್ಲಿ, ತಾವೇ ಹೊಲಿದುಕೊಂಡ ಹೊಸ ಬಟ್ಟೆಯಲ್ಲಿ ಕೂತಿದ್ದರು. ಎರಡು ಮಾತು ಆಡಲು ಸೌಟುವನ್ನು ಕರೆದರು. ಅವನಿಗೆ ಛತ್ರಿಯ ಮೇಲೆ ಪ್ರಾಣ. ಎದ್ದು ನಿಂತು ಹೇಳಿದ:

"ಛತ್ರಿ ಅಣ್ಣ ಎಷ್ಟೋ ಸಂಸಾರ ಉಳಿಸಿದ್ದಾನೆ. ಯಾರ ಮನೇಲಿ ಜಗಳ ಆಗೋ ಹಾಗಿದ್ರೂ ನನ್ನ ತಟ್ಟೆ ತಗೊಂಡು ಗ್ರಹಣ ಹಿಡಿಸ್ತಿದ್ದ. ಹಾಗಂತ ಅವನು ಭೇದ ಮಾಡಿದೋನಲ್ಲ. ನಮ್ಮ ಅತ್ತಿಗೆ ಫೋನು ಬಂದಾಗ್ಲೂ ಹಿಡಿಸಿದ್ದಾನೆ."

ಸಭೆ ಬಿದ್ದು ಬಿದ್ದು ನಕ್ಕಿತು. ಅತ್ತಿಗೆಯೂ ನಕ್ಕರು. ಛತ್ರಿ ಮಾತ್ರ ರಿಬ್ಬನ್ ಬಿಚ್ಚುವುದರಲ್ಲಿ ಮಗ್ನನಾದ.

ಮನೆ ತಲುಪಿ ಅತ್ತಿಗೆ ಚಪ್ಪಲಿ ಬಿಟ್ಟರಂತೆ. ಬಿಟ್ಟಮೇಲೆ ಕೇಳಿದ್ದು: "ಎಷ್ಟು ಸಲ?"

"ಏನು ಎಷ್ಟು ಸಲ?"

"ಗ್ರಹಣ."

ಅಲ್ಲಿಂದ ಮುಂದಿನದನ್ನು ಎದುರುಮನೆಯವರು ನನಗಿಂತ ಚೆನ್ನಾಗಿ ಹೇಳಬಲ್ಲರು. ಬೆಳಗಾದಾಗ ಹೊಲಿಗೆ ಮಿಷನ್ನು ಬಾಗಿಲ ಪಕ್ಕಕ್ಕೆ ಬಂದಿತ್ತು. ಮುಚ್ಚಳ ಹಾಕಿ, ಹಗ್ಗ ಬಿಗಿದು, ಎತ್ತಿದರೆ ಹೊರಡುವ ಹಾಗೆ. ಅತ್ತಿಗೆ ತಮ್ಮ ಅಕ್ಕನ ಮನೆಗೆ ಹೋಗುವವರು. ಹೋಗುವ ಮುಂಚೆ ಒಂದು ಷರತ್ತು.

"ನೀವು ಅರ್ಧಕ್ಕೆ ಕಟ್ ಮಾಡಿದ ಒಂದೊಂದು ಮಾತೂ ನಂಗೆ ನೆನಪಿದೆ. ನಾನು ಆಕಾಶಾನ ಬೈದಿದ್ದೀನಿ, ಮೋಡಾನ ಬೈದಿದ್ದೀನಿ. ಒಂದೊಂದೇ ಕೇಳ್ತೀನಿ, ಎಲ್ಲಿ ನಿಂತಿತ್ತೋ ಅಲ್ಲಿಂದ ಮುಂದುವರಿಸಿ. ಎಲ್ಲಾ ಆದ್ಮೇಲೆ ಇರ್ಬೇಕೋ ಹೋಗ್ಬೇಕೋ ನೋಡ್ತೀನಿ."

ಛತ್ರಿ ನನ್ನ ಮನೆಗೆ ಬಂದು ಎರಡು ಲೋಟ ನೀರು ಕುಡಿದ.

"ಹೇಳೋಕೆ ನಾನು ತಯಾರಿದ್ದೀನಿ ನಕ್ಷೆ. ಆದ್ರೆ ಹೇಳೋಕೆ ಬಿಟ್ರೆ ತಾನೆ? ಬಾಯಿ ತೆಗೆದ್ರೆ ಅವಳೂ ತೆಗೀತಾಳೆ. ಮೊದಲ್ನೇ ಪ್ರಶ್ನೇಲೇ ಮಿಷನ್ನು ಬೀದಿಗೆ ಹೋಗುತ್ತೆ."

"ಫೋನಲ್ಲಿ ಹೇಳು" ಎಂದೆ ನಾನು, ಸುಮ್ಮನೆ ತಮಾಷೆಗೆ.

ಅವನು ಲೋಟ ಕೆಳಗಿಟ್ಟು ನನ್ನನ್ನೇ ನೋಡಿದ. ಆ ನೋಟ ನನಗೆ ಗೊತ್ತಿತ್ತು. ತಟ್ಟೆ ಎತ್ತಿಕೊಳ್ಳುವ ಮುಂಚೆ ಹಾಗೇ ನೋಡುತ್ತಿದ್ದ.

ಅವನ ಮನೆಯ ಅಡುಗೆಮನೆಗೂ ಮುಂದಿನ ಕೋಣೆಗೂ ನಡುವಿನ ಗೋಡೆಯಲ್ಲಿ ಪಾತ್ರೆ ದಾಟಿಸುವಷ್ಟು ಅಗಲದ ಒಂದು ಕಿಂಡಿಯಿದೆ. ಸತ್ತ ಯಂತ್ರವನ್ನು ಆ ಕಿಂಡಿಯಲ್ಲಿ ಇಟ್ಟ. ಮುಚ್ಚಳ ಎತ್ತಿ, ಅದರ ಮುಖ ಅಡುಗೆಮನೆಯ ಕಡೆಗೆ ಮಾಡಿ, ಮಂಡಿಯೂರಿ ಹಿಂದೆ ಮುಂದೆ ಸರಿಸಿ ದಿಕ್ಕು ಹೊಂದಿಸಿದ. ರಿಸೀವರ್ ಹಿಡಿದು ಕುರ್ಚಿಯಲ್ಲಿ ಕೂತ.

"ಏನಿದು?" ಎಂದರು ಅತ್ತಿಗೆ, ಒಲೆಯ ಮುಂದಿನಿಂದ.

"ಕ್ಯಾಂಪಿಂದ ಮಾತಾಡ್ತಿದ್ದೀನಿ. ಕೇಳಿಸ್ತಿದೆಯಾ? ಹೇಳು."

"ಹುಚ್ಚು ಹಿಡಿದಿದೆಯಾ ನಿಮಗೆ?"

"ಹೇಳಿ ಅನ್ಲಿಲ್ಲ ನೀನು. ನಿನ್ನ ಮಾತು ಇನ್ನೂ ದಾರೀಲಿದೆ."

ಅತ್ತಿಗೆ ಸೌಟು ಹಿಡಿದುಕೊಂಡು ಬಂದರಂತೆ, ಅಂದರೆ ಅಡುಗೆಯ ಸೌಟು. ಹೊಡೆಯಲೋ ನಗಲೋ ಎಂದು ಒಂದು ಉಸಿರು ಯೋಚಿಸಿದರಂತೆ. ಆ ಒಂದು ಉಸಿರೇ ಸಾಕಾಯಿತು. ಹಳೆಯ ಅಭ್ಯಾಸ, ಕಾಲು ಜಾರುವ ಹಾಗೆ ನಾಲಿಗೆ ಜಾರಿತು.

"ಕೇಳಿಸ್ತಿದೆ. ಹೇಳಿ."

ಷರತ್ತಿಗೆ ಅವರು ಇನ್ನೊಂದನ್ನು ಸೇರಿಸಿದರು. ಒಂದು ಸ್ಟೀಲ್ ತಟ್ಟೆ ತಂದು ಕಿಂಡಿಯಲ್ಲಿ ಯಂತ್ರದ ಪಕ್ಕ ಒರಗಿಸಿಟ್ಟರು. "ಗ್ರಹಣ ಹಿಡಿಸೋ ಹಕ್ಕು ಇನ್ಮೇಲೆ ನಂದು. ನೀವು ಮುಟ್ಟೋ ಹಾಗಿಲ್ಲ. ಹೇಳಿ."

"ಒಪ್ಪಿದೆ. ಹೇಳು."

ಹೀಗೆ ಶುರುವಾಯಿತು. ಬೆಳಿಗ್ಗೆ ಅವರ ಅಡುಗೆಯ ಹೊತ್ತಿನಲ್ಲಿ ಒಂದು ಕರೆ. ಕರೆ ಮುಗಿದಮೇಲೆ ಅತ್ತಿಗೆ ಮಿಷನ್ನಿನ ಹಗ್ಗ ಬಿಚ್ಚಿ ಬಾಗಿಲ ಪಕ್ಕದಲ್ಲೇ ಕೂತು ಹೊಲಿಯುತ್ತಿದ್ದರು. ಸಂಜೆ ಮತ್ತೆ ಮುಚ್ಚಳ ಹಾಕಿ ಬಿಗಿಯುತ್ತಿದ್ದರು. ಬಟ್ಟೆ ಕೊಡಲು ಬಂದವರು, ಊರಿಗೆ ಹೊರಟಿದ್ದೀರಾ ಎಂದು ಕೇಳಿದರೆ, "ಇನ್ನೂ ಗೊತ್ತಿಲ್ಲ, ಮಾತುಕತೆ ನಡೀತಿದೆ" ಎನ್ನುತ್ತಿದ್ದರು.

ಎಂಥೆಂಥ ಮಾತುಗಳು. "ನಿಮ್ಮ ತಂಗಿ ನನ್ನ ದೊಡ್ಡ ಕತ್ತರಿ ಒಯ್ದು ತಗಡು ಕತ್ತರಿಸಿದ್ದು ನಿಮಗೆ ಮೊದಲೇ ಗೊತ್ತಿತ್ತಾ ಅಂತ ಕೇಳಿದ್ದೆ. ಹೇಳಿ."

"ಗೊತ್ತಿತ್ತು. ಕೊಟ್ಟಿದ್ದೇ ನಾನು. ಹೇಳು."

ಅವತ್ತು ತಟ್ಟೆ ಅಡ್ಡ ಬಂತು. ಮಧ್ಯಾಹ್ನದ ತನಕ ಪೂರ್ಣಗ್ರಹಣ. ಛತ್ರಿ ಊಟಕ್ಕೆ ನನ್ನ ಮನೆಗೆ ಬಂದ.

"ನಾನು ಹೊಲಿದು ಕಳಿಸಿದ ಅಂಗಿ ಹಾಕ್ಕೊಳ್ತಿದ್ದೀರಾ ಅಂತ ಕೇಳಿದ್ದೆ. ಹೇಳಿ."

"ಒಂದು ತೋಳು ಉದ್ದ ಇತ್ತು. ಸೌಟುಗೆ ಕೊಟ್ಟೆ. ಅವನು ಬಿಸಿ ಪಾತ್ರೆ ಇಳಿಸೋಕೆ ಇಟ್ಕೊಂಡ. ಹೇಳು."

ಒಂದು ಉಸಿರು. ಎರಡು ಉಸಿರು. "ಯಾವ ತೋಳು? ಹೇಳಿ."

"ಎಡಗಡೇದು. ಹೇಳು."

"ಪಾತ್ರೆ ಇಳಿಸೋಕೆ ಉದ್ದ ಇದ್ರೇ ಒಳ್ಳೇದು. ಹೇಳಿ."

ಎದುರುಮನೆಯವರು ನನ್ನನ್ನು ಬೀದಿಯಲ್ಲಿ ನಿಲ್ಲಿಸಿ, ಅವರಿಬ್ಬರಿಗೂ ಮೈಗೆ ಹುಷಾರಿದೆಯಾ, ಏನೂ ಕೇಳಿಸುತ್ತಿಲ್ಲವಲ್ಲ ಎಂದು ವಿಚಾರಿಸಿದರು. ಅವರ ದನಿಯಲ್ಲಿ ಏನೋ ಕಳೆದುಕೊಂಡವರ ನೋವಿತ್ತು.

ಛತ್ರಿ ಮಾತ್ರ ದಿನ ಹೋದ ಹಾಗೆ ಮೆತ್ತಗಾಗುತ್ತಿದ್ದ. ಯಾಕೆಂದು ನನಗೆ ಗೊತ್ತಿತ್ತು. ಅತ್ತಿಗೆ ಎಲ್ಲ ಕೇಳುತ್ತಿದ್ದರು, ಒಂದನ್ನು ಬಿಟ್ಟು. ಅದನ್ನು ಕೊನೆಗೆ ಇಟ್ಟುಕೊಂಡಿದ್ದರು.

ಒಂದು ವರ್ಷ ನಮ್ಮ ಡೇರೆಗಳು ಹೊಳೆಯ ದಂಡೆಯಲ್ಲಿದ್ದವು. ಒಳ್ಳೆಯ ಜಾಗ, ನೆರಳು, ಸಮತಟ್ಟು ನೆಲ. ಸಾಹೇಬರ ಮನೆಯವರೂ ಬಂದು ಇದ್ದರು. ಆಗ ಅತ್ತಿಗೆ ಫೋನಿನಲ್ಲಿ, "ರೀ, ನಾನೂ ಅಲ್ಲಿಗೆ ಬಂದು ಸ್ವಲ್ಪ ದಿನ ಇರ್ಲಾ? ಹೇಳಿ" ಎಂದು ಕೇಳಿದರು. ಆ ದಿನ ಛತ್ರಿ ಯಾರಿಗೂ ಹುಬ್ಬು ಹಾರಿಸಲಿಲ್ಲ. ತಾನೇ ಕೈ ಚಾಚಿ ತಟ್ಟೆ ತೆಗೆದುಕೊಂಡು ಅಡ್ಡ ಹಿಡಿದ. ಸಂಪರ್ಕ ಕಡಿದಮೇಲೂ ಬಹಳ ಹೊತ್ತು ಹಿಡಿದುಕೊಂಡೇ ಕೂತಿದ್ದ. ನಾವು ಯಾರೂ ನಗಲಿಲ್ಲ. ಅತ್ತಿಗೆ ಆಮೇಲೆ ಎಂದೂ ಆ ಮಾತು ಎತ್ತಲಿಲ್ಲ.

ಸಾಯುವ ಹಿಂದಿನ ದಿನ ಅವನು ನನ್ನ ಮನೆಗೆ ಬಂದಿದ್ದ.

"ನಾಳೆ ಅದೇ ಬರುತ್ತೆ ನಕ್ಷೆ. ಬೇರೆ ಯಾವುದೂ ಉಳಿದಿಲ್ಲ."

"ಏನು ಹೇಳ್ತೀಯ?"

"ಒಂದು ಸುಳ್ಳು ರೆಡಿ ಇದೆ. ಅಲ್ಲಿ ಹಾವು ಜಾಸ್ತಿ ಇತ್ತು ಅಂತ."

"ನಂಬ್ತಾರಾ?"

"ಹಾವನ್ನ ನಂಬ್ತಾಳೆ. ನನ್ನ ನಂಬಲ್ಲ."

"ನಿಜಾನೇ ಹೇಳಿಬಿಡು."

"ನಿಜ ಹೇಳಿದ್ರೆ ಮಿಷನ್ನು ಎತ್ತಿಸ್ತಾಳೆ" ಎಂದು ಎದ್ದ. ಬಾಗಿಲ ತನಕ ಹೋಗಿ ತಿರುಗಿ, "ಸ್ವಲ್ಪ ಭಾರ ಇದೆ ಅದು. ಎತ್ತೋಕೆ ಇಬ್ರು ಬೇಕು. ನೀನು ಆ ಕಡೆ ತಲೆ ಹಾಕ್ಬೇಡ" ಎಂದ. ಅವನು ನನಗೆ ಆಡಿದ ಕೊನೆಯ ಮಾತು ಇದು.

ಮುಂದಿನದನ್ನು ಅತ್ತಿಗೆ ನನಗೆ ಹೇಳಿದರು. ಅಳುತ್ತ ಹೇಳಲಿಲ್ಲ, ನಡುವೆ ಒಂದು ಕಡೆ ನಕ್ಕರು ಕೂಡ.

ಬೆಳಿಗ್ಗೆ ಒಲೆ ಸಣ್ಣ ಮಾಡಿ ಕಿಂಡಿಯ ಹತ್ತಿರ ಬಂದು ಕೇಳಿದರಂತೆ: "ಹೊಳೆ ದಂಡೆ ಕ್ಯಾಂಪಲ್ಲಿದ್ದಾಗ, ನಾನೂ ಬರ್ಲಾ ಅಂತ ಕೇಳಿದ್ದೆ. ಗ್ರಹಣ ಹಿಡೀತು. ಹೇಳಿ."

ಅವನು ಕೈ ಚಾಚಿ ತಟ್ಟೆ ತೆಗೆದುಕೊಂಡು ತನ್ನ ಮುಖಕ್ಕೆ ಅಡ್ಡ ಹಿಡಿದ.

"ರೀ, ತಟ್ಟೆ ನಂದು."

"ಇದೊಂದು ಸಲ ಕೊಡೇ. ಮುಖ ನೋಡ್ಕೊಂಡು ಹೇಳೋಕೆ ಆಗ್ತಾ ಇಲ್ಲ" ಎಂದಿತು ತಟ್ಟೆ. "ಹಾವಿತ್ತು ಅಂತ ಹೇಳೋಣ ಅಂತಿದ್ದೆ. ಹಾವಿರ್ಲಿಲ್ಲ. ಒಂದು ಕಪ್ಪೇನೂ ಇರ್ಲಿಲ್ಲ. ನೋಡು, ಫೋನಲ್ಲಿ ನಿಂಗೊಬ್ಬ ಗಂಡ ಇದ್ದ. ನೀನು ಹೇಳೋದನ್ನ ಪೂರ್ತಿ ಕೇಳ್ತಿದ್ದ. ನಿನ್ನ ನಗಿಸ್ತಿದ್ದ. ನೀನು ಅಲ್ಲಿಗೆ ಬಂದಿದ್ರೆ ನಿಂಗೆ ಸಿಗ್ತಿದ್ದೋನು ಅವನಲ್ಲ, ನಾನು. ಎರಡನೇ ದಿನಕ್ಕೆ ಅವನ ಕತೆ ಮುಗಿದುಹೋಗ್ತಿತ್ತು. ನಿಂಗೆ ಅವನು ಬೇಕಾಗಿದ್ದ. ನಿಜ ಹೇಳ್ಬೇಕಂದ್ರೆ ನಂಗೂ ಅವನನ್ನ ಕಂಡ್ರೇನೇ ಇಷ್ಟ. ಅದಕ್ಕೇ ನೀನು ಬರೋದು ಬೇಡ ಅಂತ ಅನ್ನಿಸ್ತು. ತಪ್ಪೇ. ಆದ್ರೆ ಹಾಗೆ ಅನ್ನಿಸ್ತು."

ಅತ್ತಿಗೆ ಏನು ಹೇಳಬೇಕೆಂದಿದ್ದರು ಎಂಬುದನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಬದುಕಿದ್ದಷ್ಟು ಕಾಲ ಆ ಮನೆಯಲ್ಲಿ ಕೊನೆಯ ಮಾತು ಒಮ್ಮೆಯೂ ಅವನದಾಗಲಿಲ್ಲ, ಈ ಬರಹದಲ್ಲಾದರೂ ಆಗಲಿ. ಉತ್ತರ ಅಡುಗೆಮನೆಯಲ್ಲಿ ತಯಾರಾಗಿತ್ತು. "ನಿನ್ನೆ ಸಂಜೆಯಿಂದ ಮಿಷನ್ನಿಗೆ ಹಗ್ಗ ಕಟ್ಟಿಲ್ಲ, ಪಕ್ಕದಲ್ಲೇ ಕೂತಿದ್ದೀರಿ, ಕಣ್ಣು ಕಾಣ್ಸಲ್ವಾ? ಹೇಳಿ" ಎನ್ನಬೇಕೆಂದಿದ್ದರು. ಕಾನೂನಿನ ಪ್ರಕಾರ ಒಂದು ಉಸಿರು ಕಾದರು. ಬೇಗ ಹೇಳಿದರೆ ಅವನು ಬೀಗುತ್ತಾನೆ ಎಂದು, ಕಿಂಡಿಯ ಕಡೆ ನೋಡದೆ, ಇನ್ನೊಂದು ಉಸಿರು ಸೇರಿಸಿ ಕಾದರು. ಆಮೇಲೆ ಹೇಳಿದರು. ಆಚೆಯಿಂದ ಮಾತು ಬಾರದಿದ್ದಾಗ, ದಾರಿಯಲ್ಲಿರಬೇಕು ಎಂದುಕೊಂಡು ಒಲೆಯ ಕಡೆ ತಿರುಗಿದರು.

ಅವರು ಬಾಯಿ ತೆಗೆಯುವ ಮುಂಚೆ, ಛತ್ರಿ ತಟ್ಟೆಯನ್ನು ಮುಖದಿಂದ ಇಳಿಸಿ ತೊಡೆಯ ಮೇಲೆ ಇಟ್ಟುಕೊಂಡ. ಬಾಗಿಲ ಪಕ್ಕದ ಮಿಷನ್ನಿನ ಕಡೆ ಒಮ್ಮೆ ಓರೆಗಣ್ಣು ಹಾಯಿಸಿದ. ಕಿಂಡಿಯ ಕಡೆ ತಿರುಗಿ, ಸಾಹೇಬರ ಬೈಗುಳ ಕಟ್ಟಾದ ದಿನ ನಕ್ಕಿದ್ದನಲ್ಲ, ಅದೇ ಕಳ್ಳನಗೆ ನಕ್ಕ. ರಿಸೀವರನ್ನು ಕಿವಿಗೆ ಒತ್ತಿ ಹಿಡಿದು, "ಹೇಳು" ಎಂದ.